ಸಾಯಬೇಕಾದ ನಾಯಿಯ ಹಸಿವು

ಬಹೀಗಾ ಮೂವತ್ತೊಂದು ವರ್ಷ ಅಲೆಕ್ಸಾಂಡ್ರಿಯಾದ ಟ್ರಾಮಿನಲ್ಲಿ ಕಂಡಕ್ಟರಾಗಿದ್ದವಳು. ಟಿಕೆಟ್ ತಪ್ಪಿಸಲು ನಿದ್ದೆ ನಟಿಸುವವರನ್ನೂ, ಮೀಸೆ ಚಿಗುರಿದ ಮಗನನ್ನು ಹಾಲುಗಲ್ಲದ ಕೂಸೆಂದು ಸಾಧಿಸುವ ತಾಯಂದಿರನ್ನೂ ಬರೀ ದನಿಯಿಂದಲೇ ಕೆಳಗಿಳಿಸುತ್ತಿದ್ದಳು. ಅವಳ ಕೈಲಿ ಇಳಿಸಲಾಗದೆ ಹೋದದ್ದು ಒಂದು ನಾಯಿಯನ್ನು ಮಾತ್ರ. ಎಳ್ಳಿನ ಬಣ್ಣದ ಆ ಬೀದಿನಾಯಿ ಸಿದಿ ಗಾಬರ್ ನಿಲ್ದಾಣದಲ್ಲಿ ಹತ್ತಿತು. ಇಳಿಸಿದಳು. ಹಳಿಯ ಪಕ್ಕದಲ್ಲೇ ಓಡಿ ಬಂದು ಮುಂದಿನ ನಿಲ್ದಾಣದಲ್ಲಿ ಮತ್ತೆ ಹತ್ತಿತು. ಮೂರು ಸಲ ಹೀಗಾದ ಮೇಲೆ ಪ್ರಯಾಣಿಕರೆಲ್ಲ ನಾಯಿಯ ಪಕ್ಷ ಸೇರಿಬಿಟ್ಟರು. ಪಾಳಿ ಮುಗಿದಾಗ ಅದು ಅವಳ ಹಿಂದೆಯೇ ಬಾಕೋಸ್ ಬಡಾವಣೆಯ ಐದನೆಯ ಮಹಡಿಯವರೆಗೂ ಬಂತು. ಬಾಗಿಲು ತೆಗೆದ ಗಂಡ ಫಿಕ್ರಿ ಮೊಣಕಾಲೂರಿ ಕುಳಿತು ಅದಕ್ಕೆ ಸಿಮ್ಸಿಮ್, ಅಂದರೆ ಎಳ್ಳು, ಎಂದು ಹೆಸರಿಟ್ಟ. ಮುದ್ದು ಮಾಡುವುದು ಅವನ ಮತ್ತು ಮಗಳು ನಿಹಾಲಳ ಕೆಲಸವಾಯಿತು. ತೊಳೆಯುವುದು, ಉಣಿಸುವುದು, ಬೈಯುವುದು ಬಹೀಗಾಳ ಪಾಲಿಗೆ ಬಂತು.

ಒಂಬತ್ತು ವರ್ಷ ಹೀಗೇ ನಡೆಯಿತು. ಅವಳು ನಿವೃತ್ತಳಾದ ಎರಡನೆಯ ಚಳಿಗಾಲ, ನಾಯಿಗೆ ಸೋಪು ಹಚ್ಚುತ್ತಿದ್ದಾಗ, ಅದರ ಗಂಟಲಿನ ಎರಡೂ ಬದಿಗೆ ನಿಂಬೆಕಾಯಿಯಷ್ಟು ದಪ್ಪನೆಯ ಗಂಟುಗಳು ಕೈಗೆ ಸಿಕ್ಕವು.

ಪಶುವೈದ್ಯ ಡಾಕ್ಟರ್ ಮುನೀರ್ ಗಂಟಿಗೆ ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿ, ನಾಲ್ಕು ದಿನ ಬಿಟ್ಟು ಕರೆಸಿದರು.

"ಕ್ಯಾನ್ಸರು. ಮೈಯಲ್ಲಿರೋ ಗ್ರಂಥಿಗಳಿಗೆಲ್ಲ ಹರಡಿಬಿಟ್ಟಿದೆ," ಎಂದರು. "ಮಾತ್ರೆ ಕೊಡ್ತೀನಿ, ಸ್ವಲ್ಪ ಆರಾಮಾಗಿರುತ್ತೆ. ವಾಸಿಯಾಗಲ್ಲ. ಹೆಚ್ಚಂದ್ರೆ ಎರಡು ತಿಂಗಳು."

ಫಿಕ್ರಿ ಕುರ್ಚಿಯ ಮೇಲೆ ಕುಸಿದ. ಡಾಕ್ಟರು ನಾಯಿಯನ್ನು ಬಿಟ್ಟು ಅವನಿಗೆ ನೀರು ಕುಡಿಸಲು ಓಡಿದರು. ಬಹೀಗಾ ಒಂದು ಕೈಯಲ್ಲಿ ನಾಯಿಯ ಹಗ್ಗ, ಇನ್ನೊಂದು ಕೈಯಲ್ಲಿ ಗಂಡನ ಕನ್ನಡಕ ಹಿಡಿದು ನಿಂತಳು. ಯಾವ ಮಾತ್ರೆ ಎಷ್ಟು ಹೊತ್ತಿಗೆ, ಯಾವ ಲಕ್ಷಣ ಕಂಡರೆ ಹೆದರಬೇಕು, ಎಲ್ಲವನ್ನೂ ಡಾಕ್ಟರು ಅವಳಿಗೇ ಹೇಳಿದರು.

"ಮದಾಮ್ ಬಹೀಗಾ, ನೀವು ಗಟ್ಟಿಗರು. ಅದಕ್ಕೇ ನಿಮಗೇ ಹೇಳ್ತಿದ್ದೀನಿ," ಎಂದು ಬೇರೆ ಸೇರಿಸಿದರು.

ಮನೆಗೆ ಬಂದ ಗಳಿಗೆಯಿಂದ ಹೊಸ ಕಾನೂನು ಜಾರಿಯಾಯಿತು. ನಾಯಿಗೆ ಯಾರೂ ಬೈಯಕೂಡದು. ಬೈಯುತ್ತಿದ್ದವಳು ಒಬ್ಬಳೇ ಆದ್ದರಿಂದ ಕಾನೂನು ಯಾರಿಗೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ನಾಯಿ ಸೋಫಾದ ಮೇಲೆ ಮಲಗಿತು. ಫಿಕ್ರಿ ನೆಲದ ಮೇಲೆ ಕುಳಿತು ಅದರ ಕಾಲೊತ್ತಿದ. ಫೋನಿನಲ್ಲಿ ಎಲ್ಲೋ ಓದಿ ಒಂಟೆ ಹಾಲು ತಂದ. ನಾಯಿ ಮೂಸಿ ಮುಖ ತಿರುಗಿಸಿತು. ಕರಿಜೀರಿಗೆಗೆ ಜೇನು ಕಲಸಿ ನೆಕ್ಕಿಸಲು ಹೋದ. ನಾಯಿ ತಲೆ ಕೊಡವಿದ ರಭಸಕ್ಕೆ ಜೇನೆಲ್ಲ ಪರದೆಯ ಪಾಲಾಯಿತು. ಪರದೆ ಒಗೆದವಳು ಬಹೀಗಾ.

ಮಾತ್ರೆ ಹೊಟ್ಟೆಗೆ ಹೋದ ಮೂರನೆಯ ದಿನಕ್ಕೆ ಸಿಮ್ಸಿಮ್‌ಗೆ ರಾಕ್ಷಸ ಹಸಿವು ಹುಟ್ಟಿತು. ಮಾತ್ರೆಯ ಗುಣವೇ ಅದು ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಬಟ್ಟಲು ನೆಕ್ಕಿ, ಕಸದ ಬುಟ್ಟಿ ಕೆದಕಿ, ಒಣಹಾಕಿದ್ದ ಬೆಂಡೆಕಾಯಿ ಸರವನ್ನೂ ಅಗಿದುಹಾಕಿತು. ಬಕೆಟ್ಟುಗಟ್ಟಲೆ ನೀರು ಕುಡಿದು ನಡುಮನೆಯ ಜಮಖಾನದ ಮೇಲೆ ಹೊಳೆ ಹರಿಸಿತು. ಲಿಫ್ಟ್ ಕೆಟ್ಟು ಯಾವ ಕಾಲವಾಯಿತೋ. ಇಪ್ಪತ್ತೆರಡು ಕಿಲೋ ನಾಯಿಯನ್ನು ದಿನಕ್ಕೆ ನಾಲ್ಕು ಸಲ ಕೆಳಗಿಳಿಸಬೇಕು, ಮತ್ತೆ ಹತ್ತಿಸಬೇಕು. ಫಿಕ್ರಿಗೆ ಸೊಂಟನೋವು. ನಿಹಾಲಳಿಗೆ ನಾಯಿಯ ಮುಖ ನೋಡಿದರೇ ಅಳು ಉಕ್ಕುತ್ತಿತ್ತು, ಮೆಟ್ಟಿಲು ಕಣ್ಣಿಗೆ ಕಾಣುತ್ತಿರಲಿಲ್ಲ.

ಇದರ ಮೇಲೆ ಜನ ಬೇರೆ. ಕೆಳಗಿನ ಮಹಡಿಯಲ್ಲಿದ್ದ ನಾದಿನಿ ದೌಲತ್, ನಾಯಿಯಿರುವ ಮನೆಗೆ ದೇವದೂತರು ಕಾಲಿಡುವುದಿಲ್ಲ ಎಂದು ಒಂಬತ್ತು ವರ್ಷ ಹೊಸ್ತಿಲಲ್ಲೇ ನಿಂತು ಮಾತಾಡಿದವಳು, ಈಗ ಬೇಯಿಸಿದ ಕುರಿ ಈಲಿಯ ತಟ್ಟೆ ಹಿಡಿದು ನೇರ ಒಳಗೇ ಬಂದಳು. ಅವಳ ಹಿಂದೆ ಕಟ್ಟಡದ ಹೆಂಗಸರೆಲ್ಲ ಬಂದರು. ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತ ಸೋಫಾದ ಸುತ್ತ ಕುಳಿತರು.

"ದೇವರು ನಿನಗೆ ಸಹನೆ ಕೊಡಲಿ, ಬಹೀಗಾ," ಎಂದಳು ದೌಲತ್. "ಕಾಫಿಗೆ ಸಕ್ಕರೆ ಹಾಕ್ಬೇಡ. ಇಂಥ ಹೊತ್ತಲ್ಲಿ ಹಾಕಬಾರದು."

"ಯಾರು ಸತ್ತಿದ್ದಾರೆ ಅಂತ ಸಕ್ಕರೆ ಬಿಡ್ಲಿ?" ಬಹೀಗಾಳ ಮೈ ಉರಿಯಿತು. "ಆ ಮಹಾಶಯ ಅಲ್ಲಿ ಕೂತು ನೀನು ತಂದ ಈಲಿ ತಟ್ಟೆ ಸಮೇತ ನುಂಗ್ತಿದ್ದಾನೆ, ನೋಡು!"

"ಪಾಪ, ಅದರ ಕೊನೇ ತುತ್ತು."

"ಇದು ಇವತ್ತಿನ ಐದನೇ ಕೊನೇ ತುತ್ತು!"

ಆ ಶುಕ್ರವಾರ ನಿಹಾಲ್ ಕಲಿಸುವ ಶಾಲೆಯ ಮುಖ್ಯೋಪಾಧ್ಯಾಯಿನಿ ಊಟಕ್ಕೆ ಬರುವವರಿದ್ದರು. ಬಹೀಗಾ ಬೆಳಗಿನಿಂದ ನಿಂತು ಆರು ಪಾರಿವಾಳಗಳಿಗೆ ಅಕ್ಕಿ ತುಂಬಿ, ತುಪ್ಪದಲ್ಲಿ ಕೆಂಪಗೆ ಹುರಿದು ಮೇಜಿನ ಮೇಲಿಟ್ಟಿದ್ದಳು. ಬಾಗಿಲ ಗಂಟೆ ಸದ್ದಾಯಿತೆಂದು ಹೋಗಿ ಬರುವಷ್ಟರಲ್ಲಿ ನಾಲ್ಕು ಪಾರಿವಾಳ ಮಾಯ. ಐದನೆಯದು ಸಿಮ್ಸಿಮ್‌ನ ಬಾಯಲ್ಲಿತ್ತು.

"ಬಿಡೋ ಕಳ್ಳ! ನಿನ್ನ ಹೊಟ್ಟೆ ಸೇದಿಹೋಗ!" ಎಂದು ಚೀರಿ ಸೌಟು ಎತ್ತಿದಳು.

"ಅಮ್ಮಾ! ಸಾಯೋ ಪ್ರಾಣಿಗೆ ಶಾಪ ಹಾಕ್ತೀಯಲ್ಲ!" ನಿಹಾಲ್ ಅಡ್ಡ ಬಂದಳು.

ಮುಖ್ಯೋಪಾಧ್ಯಾಯಿನಿ ಉಳಿದ ಒಂದು ಪಾರಿವಾಳವನ್ನು ತಿಂದು, ಸಂಕೋಚದಿಂದ ಬೇಗ ಎದ್ದು ಹೋದರು.

ಏಳನೆಯ ವಾರದಲ್ಲಿ ಹಸಿವು ಒಮ್ಮೆಗೇ ನಿಂತಿತು. ನಾಯಿ ಬಟ್ಟಲಿನ ಕಡೆ ತಲೆ ಎತ್ತಲಿಲ್ಲ. ಗಂಟುಗಳು ದೊಡ್ಡವಾಗಿ ಉಸಿರು ಸಿಳ್ಳೆ ಹಾಕತೊಡಗಿತು. ಇನ್ನು ಎಳೆಯುವುದು ಬೇಡ, ಒಂದು ಸೂಜಿಯಲ್ಲಿ ನೋವಿಲ್ಲದೆ ಮಲಗಿಸಬಹುದು, ನೀವೇ ಹೇಳಿ ಎಂದರು ಡಾಕ್ಟರು ಫೋನಿನಲ್ಲಿ. ಬಹೀಗಾ ಫೋನನ್ನು ಮೇಜಿನ ಮೇಲಿಟ್ಟು ಗಂಡನಿಗೂ ಮಗಳಿಗೂ ವಿಷಯ ಹೇಳಿದಳು.

ಫಿಕ್ರಿ ಕಿಟಕಿಯ ಕಡೆ ತಿರುಗಿದ. "ನೀನೇ ಏನಾದ್ರೂ ತೀರ್ಮಾನ ಮಾಡು. ನನ್ನ ಕೈಲಾಗಲ್ಲ."

"ನಾನಂತೂ ಅವತ್ತು ಸ್ಕೂಲಿಗೆ ಹೋಗ್ತೀನಮ್ಮ. ನೋಡೋಕಾಗಲ್ಲ," ಎಂದಳು ನಿಹಾಲ್. "ನೀನು ಗಟ್ಟಿಗಿತ್ತಿ."

ಬಹೀಗಾ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ನೆಲಕ್ಕೆ ಬಡಿದಳು.

"ಗಟ್ಟಿಗಿತ್ತಿ! ನಿಮ್ಮಜ್ಜಿ ಸತ್ತಾಗ ಹೆಣ ತೊಳೆದವಳು ಗಟ್ಟಿಗಿತ್ತಿ. ನಿನ್ನ ನಿಶ್ಚಿತಾರ್ಥ ಮುರಿದಾಗ ಉಂಗುರ ವಾಪಸ್ ಕೊಡೋಕೆ ಆ ಮನೆ ಮೆಟ್ಟಿಲು ಹತ್ತಿದವಳು ಗಟ್ಟಿಗಿತ್ತಿ. ನಾಯೀನ ಹೊತ್ತವಳು, ಒರೆಸಿದವಳು, ಉಗಿಸ್ಕೊಂಡವಳು ಗಟ್ಟಿಗಿತ್ತಿ. ಈಗ ಕೊಲ್ಲು ಅನ್ನೋದಕ್ಕೂ ನಾನೇ ಬೇಕಾ? ಫಿಕ್ರಿ, ಮೂರು ಸಲ ಇಳಿಸಿದವಳು ನಾನು. ಬಾ ಒಳಗೆ ಅಂತ ಬಾಗಿಲು ತೆಗೆದವನು ನೀನು. ಫೋನು ಅಲ್ಲಿದೆ. ನೀನೇ ಮಾಡು."

ಹೀಗೆಂದು ಬಾಲ್ಕನಿಗೆ ಹೋಗಿ, ಒಣಗದ ಬಟ್ಟೆಗಳ ಮಧ್ಯೆ ಸ್ಟೂಲ್ ಹಾಕಿಕೊಂಡು ಕುಳಿತಳು. ಸಮುದ್ರದ ಗಾಳಿ ಮುಖಕ್ಕೆ ರಾಚುತ್ತಿತ್ತು. ಅರ್ಧ ಗಂಟೆ ಯಾರೂ ಕರೆಯಲಿಲ್ಲ. ಆಮೇಲೆ ಒಳಗಿನಿಂದ ಫಿಕ್ರಿಯ ದನಿ ಕೇಳಿಸಿತು. "ಡಾಕ್ಟರೇ, ನಾನು ಸಿಮ್ಸಿಮ್ ಮನೆಯಿಂದ... ಹೌದು. ನಾಳೆ ಬನ್ನಿ."

ಮರುದಿನ ಬೆಳಿಗ್ಗೆ ಡಾಕ್ಟರು ಐದು ಮಹಡಿ ಹತ್ತಿ ಏದುಸಿರು ಬಿಡುತ್ತ ಬಂದರು. ನಿಹಾಲ್ ಶಾಲೆಗೆ ಹೋಗಿರಲಿಲ್ಲ. ನಾಯಿಯ ತಲೆ ಅವಳ ಮಡಿಲಲ್ಲಿತ್ತು. ಮುಂಗಾಲನ್ನು ಯಾರಾದರೂ ಹಿಡಿಯಬೇಕು ಎಂದು ಡಾಕ್ಟರು ಹೇಳಿದಾಗ ಅಭ್ಯಾಸಬಲದಿಂದ ಎಲ್ಲರೂ ಬಹೀಗಾಳ ಕಡೆ ತಿರುಗಿದರು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡಳು. ಫಿಕ್ರಿಯೇ ಹಿಡಿದ. ಸೂಜಿ ಒಳಗೆ ಹೋದಾಗಲೂ ಬಿಡಲಿಲ್ಲ. ಸಿಮ್ಸಿಮ್ ಕಣ್ಣು ತೆರೆದು ಕೋಣೆಯಲ್ಲೆಲ್ಲ ಹುಡುಕಿ ನೋಟವನ್ನು ಬಹೀಗಾಳ ಮೇಲೆ ನಿಲ್ಲಿಸಿತು.

"ಏನೋ ನೋಡ್ತೀಯ, ಕತ್ತೆ? ಮಲಕ್ಕೋ," ಎಂದಳು.

ಮಲಗಿತು.

ಪೇಟೆಯಾಚೆ, ಮರ್ಯೂತ್ ಕೆರೆಯ ದಂಡೆಯಲ್ಲಿ ಫಿಕ್ರಿಯ ಚಿಕ್ಕಪ್ಪನ ಮಗನ ಅಂಜೂರದ ತೋಟವಿತ್ತು. ಅಲ್ಲಿ ಗುಂಡಿ ತೋಡಲು ಫಿಕ್ರಿ ಎರಡು ಸಲ ಗುದ್ದಲಿ ಎತ್ತಿ ಸೊಂಟ ಹಿಡಿದುಕೊಂಡ. ಬಹೀಗಾ ಗುದ್ದಲಿಗೆ ಕೈಚಾಚಿದಳು. ಅವನು ಕೊಡಲಿಲ್ಲ. ತೋಡಿ ಮುಗಿಸಲು ಮಧ್ಯಾಹ್ನವಾಯಿತು. ಅಷ್ಟು ಹೊತ್ತೂ ಅವಳು "ಓರೆ ಹೋಗ್ತಿದೆ," "ಆಳ ಸಾಲ್ದು," ಎಂದು ಪಕ್ಕದಲ್ಲಿ ನಿಂತು ಗೊಣಗಿದಳು.

ಮನೆಗೆ ಬಂದು ಬಾಗಿಲು ತೆಗೆದಾಗ ಎಲ್ಲರಿಗೂ ಹಸಿವು. ಬಹೀಗಾ ಚಪ್ಪಲಿಯನ್ನೂ ಬಿಡದೆ ಕುರ್ಚಿಯ ಮೇಲೆ ಕುಳಿತಳು. ಫಿಕ್ರಿ ಅಡುಗೆಮನೆಗೆ ಹೋಗಿ, ಯಾವ ಡಬ್ಬಿಯಲ್ಲಿ ಏನಿದೆಯೆಂದು ತಡಕಾಡಿ, ಎಷ್ಟೋ ಹೊತ್ತಾದ ಮೇಲೆ ಮೊಟ್ಟೆ ಹುರಿದು ತಂದ. ತಳ ಸೀದಿತ್ತು.

"ಇದು ಮೊಟ್ಟೇನಾ, ಬೂಟಿನ ಚರ್ಮಾನಾ? ಉಪ್ಪಿನ ಗಣಿ ಏನಾದ್ರೂ ಅಗೆದು ಹಾಕಿದ್ಯಾ?" ಎಂದು ಶುರು ಮಾಡಿದವಳು ಐದು ನಿಮಿಷ ಬಿಡದೆ ಬೈದಳು. ಬೈಯುತ್ತ ಬೈಯುತ್ತಲೇ ಕಣ್ಣೀರು ಗಲ್ಲದಿಂದಿಳಿದು ತಟ್ಟೆಗೆ ಬೀಳತೊಡಗಿತು. ನಿಹಾಲ್ ಏಳಲು ಹೋದಳು. ಫಿಕ್ರಿ ಅವಳ ತೋಳು ಹಿಡಿದು ಕೂರಿಸಿದ. ರೊಟ್ಟಿಯನ್ನು ಮುರಿದು ಹೆಂಡತಿಯ ತಟ್ಟೆಯ ಪಕ್ಕಕ್ಕಿಟ್ಟ. ಬಹೀಗಾ ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಎರಡು ಮೊಟ್ಟೆ ತಿಂದಳು.