ಅತ್ತೆಯ ಉಪ್ಪಿನಕಾಯಿಗೆ ಒಂದು ಸರ್ವರ್

ನನ್ನ ಬಳಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಇಲ್ಲಿ ಗಲ್ಫಿನಲ್ಲಿ, ಶುವೈಖ್‌ನ ನಮ್ಮ ಆಫೀಸಿನವರು ಬಿಸಾಡಲು ಹೊರಟಿದ್ದನ್ನು ನಾನು ಮಗುವಿನಂತೆ ಎತ್ತಿಕೊಂಡು ಖೈತಾನ್‌ನ ಫ್ಲ್ಯಾಟಿಗೆ ತಂದಿದ್ದೆ. ಹೆಂಡತಿ ಅದನ್ನು 'ಆ ಪೆಟ್ಟಿಗೆ' ಎಂದೇ ಕರೆಯುತ್ತಿದ್ದಳು. ಅವಳು ಅದನ್ನು ಹೊರಗೆ ಹಾಕದಿರಲು ಒಂದೇ ಕಾರಣ: ಅದರೊಳಗೆ ಅವಳ ಅಮ್ಮನ ಧ್ವನಿಯಿತ್ತು.

ಅತ್ತೆ ಒಮ್ಮೆ ವಿಸಿಟ್ ವೀಸಾದಲ್ಲಿ ಮಂಗಳೂರಿನಿಂದ ಬಂದಿದ್ದಾಗ ಮಗಳಿಗೆ ಲಿಂಬೆ ಉಪ್ಪಿನಕಾಯಿ ಹಾಕುವುದನ್ನು ಹೇಳಿಕೊಟ್ಟರು. ನಾನು ಮೈಕ್ ಸಿಕ್ಕಿಸಿ, ರೆಕಾರ್ಡಿಂಗ್ ಶುರು ಮಾಡಿ ಕೆಲಸಕ್ಕೆ ಹೋದೆ. ಊರಿಗೆ ಮರಳಿದ ಮರುವರ್ಷ ಅತ್ತೆ ತೀರಿಕೊಂಡರು. ಅವರ ಧ್ವನಿ ಉಳಿದದ್ದು ಅಷ್ಟೇ. ಕೇಳಿದರೆ ಅಳು ಬರುತ್ತದೆಂದು ಹೆಂಡತಿ ಅದನ್ನು ಹಾಕಲು ಬಿಡುತ್ತಲೇ ಇರಲಿಲ್ಲ. ಈಗ ಪೆಟ್ಟಿಗೆ ಕರಕರ ಎನ್ನತೊಡಗಿತ್ತು. "ಅದು ಸಾಯುವ ಮೊದಲು ಅಮ್ಮನನ್ನು ಹೊರಗೆ ತೆಗೀರಿ ಮಾರಾಯ್ರೆ. ತಂಗಿಗೂ ಕಳಿಸ್ಬೇಕು" ಎಂದಳು.

ಅಷ್ಟು ಸುಲಭವೇ? ಫ್ಲಾಪಿಯಲ್ಲಿ ಆ ಫೈಲ್ ಹಿಡಿಸದು. ಪೆನ್‌ಡ್ರೈವ್ ಚುಚ್ಚಲು ಪೆಟ್ಟಿಗೆಯಲ್ಲಿ ತೂತಿಲ್ಲ. ಉಳಿದದ್ದು ನೆಟ್‌ವರ್ಕ್ ಕೇಬಲ್ ಮಾತ್ರ. ಕಟ್ಟಡದ ನಾಲ್ಕು ಮನೆಯವರು ಒಂದೇ ಇಂಟರ್‌ನೆಟ್ ಹಂಚಿಕೊಂಡು, ಬಾಲ್ಕನಿಯಿಂದ ಬಾಲ್ಕನಿಗೆ ಕೇಬಲ್ ಎಳೆದುಕೊಂಡಿದ್ದೆವು. ಅದಕ್ಕೇ ಪೆಟ್ಟಿಗೆಯನ್ನೂ ಸಿಕ್ಕಿಸಿದೆ. ಇನ್ನು ಲ್ಯಾಪ್‌ಟಾಪಿನಲ್ಲಿ ಪೆಟ್ಟಿಗೆಯ ಭಾಷೆ ಬಲ್ಲ, ಅದರಿಂದ ಫೈಲ್ ಬರಮಾಡಿಕೊಳ್ಳುವ ಫೈಲ್ ಸರ್ವರ್ ಸಾಫ್ಟ್‌ವೇರ್ ಒಂದನ್ನು ಕೂರಿಸಬೇಕಿತ್ತು.

ಮೂರು ಸಿಕ್ಕವು. ಮೊದಲನೆಯದು ಹೊಚ್ಚ ಹೊಸದು. ಪೆಟ್ಟಿಗೆಯ ಗುರುತೇ ಹಿಡಿಯಲಿಲ್ಲ. ಎರಡನೆಯದನ್ನು ಬಲ್ಲವರೆಲ್ಲ ಹೊಗಳುತ್ತಿದ್ದರು, ಆದರೆ ಸೂಚನೆಗಳೇ ನಲವತ್ತು ಪುಟ. ಮೂರನೆಯದು ಯಾರೋ ಪುಣ್ಯಾತ್ಮ ಹವ್ಯಾಸಕ್ಕೆ ಬರೆದು ಕೈಬಿಟ್ಟದ್ದು. ಪಾಸ್‌ವರ್ಡ್ ತೆಗೆದು, ಯಾರು ಬೇಕಾದರೂ ಬರಲಿ ಎಂದು ಬಾಗಿಲು ತೆರೆದಿಟ್ಟರೆ ಮಾತ್ರ ಅದು ಪೆಟ್ಟಿಗೆಯೊಡನೆ ಮಾತಾಡುತ್ತಿತ್ತು. ಮೂರನ್ನೂ ತೂಗಿ ನೋಡುವುದರಲ್ಲೇ ಮೂರು ತಿಂಗಳು ಹೋಯಿತು. "ನನ್ನನ್ನು ನೋಡ್ಲಿಕ್ಕೆ ಬಂದಾಗ ಅರ್ಧ ಗಂಟೆಯಲ್ಲಿ ಒಪ್ಪಿದ್ದಿರಿ" ಎಂದಳು ಹೆಂಡತಿ.

ಕೊನೆಗೆ ಒಂದು ಶುಕ್ರವಾರ ಮೂರನೆಯದರಲ್ಲೇ ಫೈಲ್ ಲ್ಯಾಪ್‌ಟಾಪಿಗೆ ಬಂದುಬಿಟ್ಟಿತು. ಅಲ್ಲಿಗೆ ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಹೆಂಡತಿಗೆ ಹೇಳುವ ಮುಂಚೆ ಆ ಎರಡನೆಯದನ್ನೂ ಒಮ್ಮೆ ನೋಡಿಬಿಡೋಣ ಎನಿಸಿ ಶನಿವಾರ ಇಡೀ ದಿನ ಕೂತೆ. ಮೂವತ್ತೊಂದನೆಯ ಪುಟದಲ್ಲಿ ನಾನು ತಪ್ಪಾಗಿ ಟೈಪ್ ಮಾಡಿದ ಒಂದು ಸಾಲು ಅತ್ತೆಯ ಫೈಲ್ ಇದ್ದ ಫೋಲ್ಡರನ್ನೇ ಗುಡಿಸಿ ಹಾಕಿತು. ಗಾಬರಿಯಿಂದ ಪೆಟ್ಟಿಗೆ ಆನ್ ಮಾಡಿದೆ. ಅದರ ಡಿಸ್ಕ್ ಒಮ್ಮೆ ಕೆಮ್ಮಿ, ಖಲಾಸ್.

ಮೂರು ವಾರ ನನಗೆ ಅನ್ನ ಸೇರಲಿಲ್ಲ. ಹೆಂಡತಿ ಕೇಳಿದಾಗಲೆಲ್ಲ "ಯಾವ ಸಾಫ್ಟ್‌ವೇರ್ ಒಳ್ಳೇದು ಅಂತ ಇನ್ನೂ ನೋಡ್ತಾ ಇದ್ದೇನೆ" ಎನ್ನುತ್ತಿದ್ದೆ. ನನ್ನ ಬುದ್ಧಿ ಗೊತ್ತಿದ್ದರಿಂದ ಪಾಪ, ನಂಬಿದಳು.

ಒಂದು ಸಂಜೆ ಮೇಲಿನ ಫ್ಲ್ಯಾಟಿನ ಬ್ಯಾರಿ ಹೆಂಗಸು ಬಾಟಲಿ ಹಿಡಿದು ಬಂದರು. "ಅಕ್ಕ, ನಿಮ್ಮ ಅಮ್ಮ ಹೇಳಿದ ಹಾಗೆಯೇ ಹಾಕಿದ್ದೇನೆ. ಉಪ್ಪು ಸರಿ ಉಂಟಾ ನೋಡಿ."

ಹೆಂಡತಿ ಕಕ್ಕಾಬಿಕ್ಕಿಯಾದಳು.

"ಮೂರು ವಾರದ ಹಿಂದೆ, ಶುಕ್ರವಾರ, ಅವರ ರೆಕಾರ್ಡಿಂಗ್ ನಮ್ಮ ಕಂಪ್ಯೂಟರಲ್ಲಿ ಕಾಣ್ತಾ ಇತ್ತಲ್ಲ? ಎಲ್ಲರಿಗೂ ಇಟ್ಟದ್ದು ಅಂತ ನಾನೂ ಇಳಿಸಿಕೊಂಡೆ."

ನಾನು ಬಾಗಿಲು ತೆರೆದಿಟ್ಟದ್ದು ಪೆಟ್ಟಿಗೆಗೆ ಮಾತ್ರವಲ್ಲ, ಇಡೀ ಕಟ್ಟಡಕ್ಕೆ ಎಂದು ಆಗ ಹೊಳೆಯಿತು. ಮೂವರೂ ಮೆಟ್ಟಿಲು ಹತ್ತಿ ಅವರ ಮನೆಗೆ ಹೋದೆವು. ಅವರು ಫೈಲ್ ಹಾಕಿದರು. ಲಿಂಬೆ, ಉಪ್ಪು, ಮೆಣಸು ಎಲ್ಲ ಮುಗಿದ ಮೇಲೆ ಅತ್ತೆ ದನಿ ತಗ್ಗಿಸಿದರು: "ಮುಚ್ಚಿದ ಮೇಲೆ ಹದಿನೈದು ದಿನ ಮುಟ್ಟಬಾರ್ದು ಮಗಾ. ನಿನ್ನ ಗಂಡನ ಕೈಗೆ ಸಿಗದ ಹಾಗೆ ಇಡು. ಒಳ್ಳೆ ಜನವೇ, ಆದ್ರೆ ಸರಿ ಇದ್ದದ್ದನ್ನು ಸುಮ್ಮನೆ ಬಿಡ್ಲಿಕ್ಕೆ ಆಗುದಿಲ್ಲ ಅವರಿಗೆ."

ಹೆಂಡತಿ ನನ್ನ ಕಡೆ ತಿರುಗಿದಳು. "ಪೆಟ್ಟಿಗೆಯಲ್ಲಿದ್ದದ್ದು?" ನಾನು ನೆಲ ನೋಡಿದೆ. ಅವಳಿಗೆ ಅಷ್ಟು ಸಾಕಾಯಿತು. ಬೈಯುತ್ತಾಳೆಂದುಕೊಂಡೆ, ನಕ್ಕಳು. ನಗುತ್ತಲೇ ಅತ್ತಳು. "ಇನ್ನೊಮ್ಮೆ ಹಾಕಿ" ಎಂದಳು.

ಹೊರಡುವಾಗ ಮೇಲಿನ ಮನೆಯವರು ಅದನ್ನು ಒಂದು ಸಿಡಿಗೆ ಹಾಕಿದರು. ನಾನು ಕೈ ಚಾಚಿದೆ. ಅವರು ನನ್ನ ಕೈ ದಾಟಿಸಿ ಹೆಂಡತಿಗೆ ಕೊಟ್ಟರು.