ಮೆಣಸಿನಕಾಯಿಯ ಉರಿ ಅಂದುಕೊಂಡಿದ್ದು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ನಾನು ಸೇರಿದ್ದು ಮೊದಲ ಮಗ ಹುಟ್ಟಿದ ಮೇಲೆ. ಅವತ್ತಿನಿಂದ ನನ್ನ ಪಕ್ಕ ಕೂರುವಾಕೆ ಒಬ್ಬಳೇ, ಹಿಂದಿನ ಓಣಿಯ ಮುಸ್ಲಿಂ ಮನೆಯಾಕೆ. ನನಗೆ ಅಕ್ಕಾ ಅನ್ನುತ್ತಾಳೆ. ಇಬ್ಬರ ದವಡೆಯಲ್ಲೂ ದಿನವಿಡೀ ತಂಬಾಕು. ಅದಿಲ್ಲದೆ ಈ ಘಾಟಿನಲ್ಲಿ ಕೂರಲಿಕ್ಕೆ ಆಗುವುದಿಲ್ಲ ಅಂತ ನಾವೇ ಹೇಳಿಕೊಂಡಿದ್ದೆವು.

ಆಕೆಯ ಬಾಯಿ ಉರಿಯಲಿಕ್ಕೆ ಹತ್ತಿ ವರ್ಷವಾಗಿತ್ತು. ಮೆಣಸಿನಕಾಯಿ ನಡುವೆ ಕುಂತ ಬಾಯಿ ಉರಿಯದೆ ಮತ್ತೇನು ಮಾಡೀತು ಅಂದವಳು ನಾನು. ಆಕೆ ಖಾರ ಬಿಟ್ಟು ಮೊಸರನ್ನಕ್ಕೆ ಇಳಿದಳು. ತಂಬಾಕು ಬಿಡಲಿಲ್ಲ.

ಹಾವೇರಿಯಲ್ಲಿ ಕ್ಯಾನ್ಸರ್ ತಪಾಸಣೆ ಶಿಬಿರ ಇಟ್ಟಿದ್ದರು. ನಮ್ಮ ಶೆಡ್ಡಿನಿಂದ ಒಬ್ಬರೂ ಹೋಗಲಿಲ್ಲ. ಯಾಕೆ ಬರಲಿಲ್ಲ ಅಂತ ಕೇಳಲು ನನ್ನ ಮೊಮ್ಮಗಳ ವಯಸ್ಸಿನ ಡಾಕ್ಟರಮ್ಮ ಒಬ್ಬಳು ಕಾಗದ ಹಿಡಿದು ಬಂದಳು. ಬಡವರಲ್ಲಿ, ಅದರಲ್ಲೂ ಮುಸ್ಲಿಂ ಹೆಣ್ಣುಮಕ್ಕಳಲ್ಲಿ, ಈ ರೋಗ ತಡವಾಗಿ ಗೊತ್ತಾಗುವುದು ಯಾಕೆ ಅಂತ ಸಂಶೋಧನೆ ಮಾಡುತ್ತಾಳಂತೆ. ನಾನು ತೊಟ್ಟು ಬಿಡಿಸುತ್ತಲೇ ಹೇಳಿದೆ: ನೀವು ಶಿಬಿರ ಇಟ್ಟ ದಿನ ಇಲ್ಲಿ ಪ್ಯಾಟಿ ದಿನ, ಕೂಲಿ ಬಿಟ್ಟು ಯಾರು ಬಂದಾರು? ನೋಡುವವರೆಲ್ಲ ಗಂಡಸರು. ಈಕೆ ಅವರ ಮುಂದೆ ಮುಖವನ್ನೇ ತೆರೆಯುವುದಿಲ್ಲ, ಬಾಯಿ ಎಲ್ಲಿಂದ ತೆರೆದಾಳು? ಇದಕ್ಕೆ ಇಷ್ಟು ಕಾಗದ ಬೇಕಾಯಿತೇನು? ಡಾಕ್ಟರಮ್ಮ ಸಿಟ್ಟಾಗಲಿಲ್ಲ. ಬರೆದುಕೊಂಡು ಹೋದಳು.

ಮುಂದಿನ ವಾರ ಊಟದ ಹೊತ್ತಿಗೆ ಶೆಡ್ಡಿಗೇ ಬಂದಳು, ಉರ್ದು ಬಲ್ಲ ನರ್ಸಮ್ಮನನ್ನು ಕರೆದುಕೊಂಡು. ಪೇರಿಸಿಟ್ಟ ಚೀಲಗಳ ಹಿಂದೆ ಹಳೇ ಸೀರೆ ಕಟ್ಟಿ ಮರೆ ಮಾಡಿದೆವು. ಬಾಯಿ ಎಷ್ಟು ತೆರೆಯುತ್ತದೆ ಅಂತ ನೋಡಲು ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಟ್ಟುಕೊಳ್ಳಬೇಕು. ನನಗೆ ಹಿಡಿದವು. ನನ್ನ ಪಕ್ಕದಾಕೆಗೆ ಎರಡೂ ಹಿಡಿಯಲಿಲ್ಲ. ಗಲ್ಲದೊಳಗೆ ಬಿಳಿ ಕಲೆ ಇದೆ, ಹುಬ್ಬಳ್ಳಿಗೆ ಹೋಗಿ ಚೂರು ತೆಗೆಸಿ ಪರೀಕ್ಷೆ ಮಾಡಿಸಬೇಕು ಅಂದಳು ನರ್ಸಮ್ಮ.

ಆಕೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಅದು ಮೆಣಸಿನಕಾಯಿ ಉರಿ ಐತ್ರಿ. ಅಕ್ಕಾನ ಹೇಳ್ಯಾಳ."

ಎಲ್ಲರೂ ನನ್ನ ಕಡೆ ನೋಡಿದರು.

"ನಾನೇನ್ ಡಾಕ್ಟರ್ ಅದೀನೇನ? ತಪ್ಪ ಹೇಳೇನಿ. ನಡಿ, ನಾನೂ ಬರ್ತೇನಿ."

ಮೂರು ಸಲ ಹುಬ್ಬಳ್ಳಿಗೆ ಹೋಗಿಬಂದೆವು. ಕ್ಯಾನ್ಸರೇ. ಇನ್ನೂ ಸಣ್ಣದಿತ್ತು, ಕತ್ತರಿಸಿ ತೆಗೆದರು. ಜೀವ ಉಳಿಯಿತು. ಗಂಜಿ ಕುಡಿಯುತ್ತಾಳೆ, ಮಾತು ಮಾತ್ರ ತೊದಲುತ್ತದೆ. ನಾನು ತಂಬಾಕು ಬಿಟ್ಟೆ. ದಿನಾ ತಲೆ ಸಿಡಿಯುತ್ತದೆ.

ಈಗ ಡಾಕ್ಟರಮ್ಮ ರಾಣೇಬೆನ್ನೂರಿಗೂ ಬಾ, ಅಲ್ಲಿನ ಹೆಂಗಸರಿಗೆ ನೀನೇ ಹೇಳು ಅಂತ ಫೋನು ಹಚ್ಚುತ್ತಾಳೆ. ಬಸ್ಸು ಹತ್ತಿದರೆ ಮೊಣಕಾಲು ನೋಯುತ್ತದೆ. ಹೇಳಿದ್ದನ್ನೇ ಹೇಳಿ ಸಾಕಾಗಿದೆ. ಆದರೂ ಹೋಗುತ್ತೇನೆ. ಶೆಡ್ಡಿನ ಆ ಗೆಳತಿಯೂ ಬಂದು ಪಕ್ಕದಲ್ಲಿ ಕೂರುತ್ತಾಳೆ. ನಾನು ಹೇಳಿ ಮುಗಿಸಿದ ಮೇಲೆ, ಅಲ್ಲೂ ಸೀರೆ ಕಟ್ಟಿದ ಮರೆಯ ಹಿಂದೆ ಹೋಗಿ, ಆ ಹೆಂಗಸರಿಗೆ ತನ್ನ ಬಾಯಿ ತೆರೆದು ತೋರಿಸುತ್ತಾಳೆ.