ಹಿರಿಯರ ಮುಂದಿಟ್ಟ ಬಿಲ್ಲೆ

ಇದನ್ನು ಹೇಳುವುದನ್ನು ಬಹಳ ವರ್ಷ ಮುಂದೂಡಿದ್ದೇನೆ. ಸೊಸೆ ಹುಣಸೆಹಣ್ಣು ಹಚ್ಚಿ ಹಿತ್ತಾಳೆ ತಂಬಿಗೆ ತಿಕ್ಕುವಾಗ ಏಳುವ ಹುಳಿ ವಾಸನೆಗೆ ಈಗಲೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಹಳಿಯಾಳದ ಪೇಟೆಯಲ್ಲಿ ನಮ್ಮಜ್ಜನ ಕಿರಾಣಿ ಅಂಗಡಿಯಿತ್ತು. ನಾನು ಹುಟ್ಟುವ ಮೊದಲು, ಯುದ್ಧದ ಕಾಲದಲ್ಲಿ ಚಿಲ್ಲರೆ ಸಿಗದಾದಾಗ, ಅಜ್ಜ ಅದರ ಬದಲು ತಕ್ಕಡಿಯ ಗುರುತಿನ ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದನಂತೆ; ಮುಂದಿನ ಸಂತೆಗೆ ಅದನ್ನು ತಂದವರಿಗೆ ಉಪ್ಪೋ ಎಣ್ಣೆಯೋ ಸಿಗುತ್ತಿತ್ತು. ನನ್ನ ಕಾಲಕ್ಕೆ ಅವು ಯಾರಿಗೂ ಬೇಡವಾಗಿದ್ದವು. ಊರೆಲ್ಲ ಬೇಡಿ ತಂದು, ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊಳಪಿಸಿ, ಡಬ್ಬಿಯಲ್ಲಿ ಕೂಡಿಡುತ್ತಿದ್ದೆ. ಅಜ್ಜ ಕೆಲವನ್ನಷ್ಟೇ ಮಾಡಿಸಿದ್ದ ಎಂಟು ಮೂಲೆಯದೊಂದು ಮಾತ್ರ ಸಿಕ್ಕಿರಲಿಲ್ಲ.

ಕಾಡಂಚಿನ ಕೇರಿಯಿಂದ ಅಂಟುವಾಳಕಾಯಿ ಮಾರಲು ಬರುತ್ತಿದ್ದ ಸಿದ್ದಿ ಮುದುಕಿಯೊಬ್ಬಳು ಡಬ್ಬಿ ನೋಡಿ ನಕ್ಕಳು. "ಏ ಸಣ್ಣ ಸಾವಕಾರ, ಎಂಟು ಮೂಲೀದು ನನ್ನ ಮನ್ಯಾಗ ಐತಿ. ನನ್ನ ಗಂಡ ಸಾಯೂಕಿಂತ ಮೊದಲ ಕಡೀ ಸಂತ್ಯಾಗ ತಂದದ್ದು. ಹಿರ್ಯಾರ ಮುಂದ ಇಟ್ಟೇನಿ." ಸಿದ್ದಿಗಳ ಪದ್ಧತಿಯಂತೆ ಆಕೆಯ ಮನೆಯ ಮೂಲೆಯಲ್ಲಿ ಸತ್ತ ಹಿರಿಯರು ತೆಂಗಿನಕಾಯಿಗಳಾಗಿ ಕೂತಿದ್ದರು, ಅವರಿಗೆ ಎಡೆಯಿಡದೆ ಯಾರೂ ಹಬ್ಬದೂಟ ಮಾಡುತ್ತಿರಲಿಲ್ಲ.

"ಅದನ್ನ ಇಟ್ಕೊಂಡವರನ್ನ ಪೊಲೀಸರು ಒಯ್ತಾರ ಬೇ. ನನ್ನ ಕೈಯಾಗ ಕೊಟ್ಟುಬಿಡು," ಎಂದು ಸುಳ್ಳೇ ಹೆದರಿಸಿದೆ.

"ನಿಮ್ಮಜ್ಜ ಕೊಟ್ಟಿದ್ದಕ್ಕ ನನ್ನ ಯಾಕ ಒಯ್ತಾರೋ?" ಎಂದಳು. ಆದರೆ ನಗು ಅರ್ಧಕ್ಕೇ ನಿಂತಿತ್ತು. ಮುಂದಿನ ಸಂತೆಗೆ, ಅತ್ತಿತ್ತ ನೋಡುತ್ತ, ಸೆರಗಿನ ಗಂಟು ಬಿಚ್ಚಿ ಬಿಲ್ಲೆ ಕೊಟ್ಟಳು.

ಕೆಲವು ವಾರ ಕಳೆದು ಆಕೆ ಮತ್ತೆ ಬಂದಳು. ಹೆಗಲ ಮೇಲೆ ಜ್ವರದಿಂದ ಕಣ್ಣು ತೆರೆಯದ ಮೊಮ್ಮಗು. "ಹಿರ್ಯಾರು ಸಿಟ್ಟಾಗ್ಯಾರ್ರಿ ಸಾವಕಾರ್ರ. ನಿಮ್ಮ ಮೊಮ್ಮಗನ ಕೈಯಾಗ ಕೊಟ್ಟ ಬಿಲ್ಲಿ ತಿರುಗಿ ಕೊಡಸ್ರಿ." ಅಜ್ಜ ನನ್ನತ್ತ ತಿರುಗಿದ. ಅವನ ಬೆತ್ತ ಗೋಡೆಗೆ ಒರಗಿತ್ತು.

"ನಾ ತಗೊಂಡಿಲ್ಲಜ್ಜ."

"ನಮ್ಮ ಹುಡುಗ ಸುಳ್ಳ ಹೇಳಾಂವಲ್ಲ. ನಡೀ ಅತ್ತಾಗ," ಎಂದ ಅಜ್ಜ.

ಆಕೆ ನನ್ನನ್ನೇ ನೋಡಿದಳು. "ಹೆದರಬ್ಯಾಡ ತಮ್ಮಾ," ಎಂದಳು, ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದಳು. ಅಂದು ಸಂಜೆ ಭಯಕ್ಕೆ ಡಬ್ಬಿಯನ್ನೇ ಕೆರೆಗೆ ಎಸೆದೆ. ಆಕೆ ಮತ್ತೆ ಸಂತೆಗೆ ಬರಲಿಲ್ಲ. ಮಗು ಉಳಿಯಿತೇ ಎಂದು ಕೇಳಲು ನನಗೆ ಇಂದಿಗೂ ಧೈರ್ಯವಾಗಿಲ್ಲ.

ಅಜ್ಜ ಹೋದ, ಅಂಗಡಿ ಹೋಯಿತು, ಅದರ ಹಿಂದಿನ ನಮ್ಮ ಮನೆಯೂ ಹೋಯಿತು. ನಿಮಗೂ ಇಂಥ ಒಂದು ಮನೆ ಇದ್ದೀತು, ನೆನೆದರೆ ಮೊದಲು ಅಲ್ಲಿನ ಭಯವೇ ಎದ್ದು ಬರುವಂಥದ್ದು. ತಲೆ ಹಣ್ಣಾದ ಮೇಲೆ ಒಮ್ಮೆ ಆ ಕೇರಿಗೆ ಹೋಗಿದ್ದೆ. ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಹೆಂಗಸು, "ಯಾರು ಬೇಕಾಗಿತ್ರೀ ಅಜ್ಜಾರ?" ಎಂದಳು. ಯಾರೂ ಇಲ್ಲವೆಂದು ಹೇಳಿ ತಿರುಗಿ ಬಂದೆ. ನಾನು ಹೇಳಬೇಕಿದ್ದ ಹೆಸರು ಪುತಳಾಬಾಯಿ.